ಕೋಟೆ ಹತ್ತಿಸಿ ಹೆಣ್ಣು ನೋಡಿದವರು

ಯಾರನ್ನೇ ಆಗಲಿ ನಾನು ಮೊದಲು ನೋಡುವುದು ತಪ್ಪು ಹುಡುಕುವ ಕಣ್ಣಿನಿಂದಲೇ. ಇದು ಹುಟ್ಟುಗುಣವೋ ಹೊಟ್ಟೆಪಾಡು ಕಲಿಸಿದ ಗುಣವೋ ಹೇಳಲಾರೆ. ರಾಯದುರ್ಗದ ಓಣಿ ಓಣಿಗೂ ಜೀನ್ಸ್ ಹೊಲಿಗೆ ಹೊಕ್ಕ ವರ್ಷಗಳಲ್ಲಿ ನಾನು ಒಂದು ಯೂನಿಟ್ಟಿನಲ್ಲಿ ಚೆಕಿಂಗ್ ಕೆಲಸಕ್ಕಿದ್ದೆ. ಹೊಲಿದು ಮುಗಿದ ಪ್ಯಾಂಟು ನನ್ನ ಮೇಜಿಗೆ ಬರಬೇಕು. ಅದನ್ನು ಒಳಗು ಹೊರಗು ಮಾಡಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಜೇಬು ಸೊಟ್ಟಗಾಗಿದೆ ಎಂದು ಹುಡುಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹೊಲಿದವನ ಮಡಿಲಿಗೇ ವಾಪಸ್ ಎಸೆಯುವುದು ನನ್ನ ಕೆಲಸ. ತಪ್ಪು ಒಂದೂ ಸಿಗದ ದಿನ ನನ್ನ ಮೇಲೆ ನನಗೇ ಅನುಮಾನ ಬರುತ್ತಿತ್ತು. ನನ್ನ ಗಂಡ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಮಾಡುತ್ತಿದ್ದ. ಹಬ್ಬಕ್ಕೆ ಬಂದರೆ ಅವನ ಬ್ಯಾಗನ್ನೂ ನಾನು ಹಾಗೇ ಒಳಗು ಹೊರಗು ಮಾಡುತ್ತಿದ್ದೆ. "ನಾನೇನು ನಿನ್ನ ಮೇಜಿನ ಮ್ಯಾಲಿನ ಪ್ಯಾಂಟೇನ?" ಎಂದು ಅವನು ರೇಗುತ್ತಿದ್ದ. ರೇಗಿದ್ದೂ ನನಗೆ ಅನುಮಾನವೇ.

ನಾವು ಗುಮ್ಮಘಟ್ಟದ ಕಡೆಯವರು. ಅಪ್ಪನಿಗೆ ಕುರಿ ಇದ್ದವು. ಅಪ್ಪ ತೀರಿಕೊಂಡ ಮೇಲೆ ಕುರಿ ಕಾಯುವವರಿಲ್ಲದೆ ಎಲ್ಲವನ್ನೂ ಮಾರಿ, ಅವ್ವ, ನಾನು, ತಂಗಿ ಮೂವರೂ ರಾಯದುರ್ಗಕ್ಕೆ ಬಂದು, ಕೋಟೆ ಗುಡ್ಡದ ಬುಡದ ಓಣಿಯಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ಅವ್ವ ದಾರ ಕತ್ತರಿಸುವ ಕೆಲಸಕ್ಕೆ ಹೋದಳು. ತಂಗಿ ಉಜ್ಜುವ ಕೆಲಸಕ್ಕೆ ಹೋದಳು. ಹೊಸ ಪ್ಯಾಂಟನ್ನು ಉಪ್ಪುಕಾಗದದಿಂದ ತೊಡೆಯ ಹತ್ತಿರ, ಮೊಣಕಾಲಿನ ಹತ್ತಿರ ತಿಕ್ಕಿ ತಿಕ್ಕಿ ಬಣ್ಣ ಬಿಡಿಸಿ, ನಾಲ್ಕು ವರ್ಷ ಉಟ್ಟದ್ದರಂತೆ ಮಾಡುವ ಕೆಲಸ ಅದು. ಹೊಸದನ್ನು ಹಳೆಯದು ಮಾಡಿಸಿ ಉಡುವ ಜನರೂ ಇದ್ದಾರಲ್ಲ ಎಂದು ಮೊದಮೊದಲು ನಗುತ್ತಿದ್ದೆವು. ಸಂಜೆ ಅವಳು ಮನೆಗೆ ಬಂದು ಮುಖ ತೊಳೆದರೆ ಬಚ್ಚಲಿನಲ್ಲಿ ನೀಲಿ ನೀರು ಹರಿಯುತ್ತಿತ್ತು. ಮೂರು ವರ್ಷವಾಗುವ ಹೊತ್ತಿಗೆ ಕೆಮ್ಮು ಹತ್ತಿತು. ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು.

ನಾವು ಅದನ್ನು ನೆಗಡಿ ಎಂದು ಕರೆದೆವು. ಅವಳನ್ನು ಉಜ್ಜುವುದರಿಂದ ಬಿಡಿಸಿ ಅವ್ವನ ಪಕ್ಕದಲ್ಲಿ ದಾರ ಕತ್ತರಿಸಲು ಕೂರಿಸಿದೆವು. ಅಷ್ಟರಲ್ಲಿ ಒಂದು ಸಂಬಂಧ ಬಂದಿತ್ತು, ಬಂದ ಹಾಗೇ ಹೋಗಿತ್ತು. ಕಣೇಕಲ್ಲಿನ ಆ ಜನ, "ಜೀನ್ಸ್ ಉಜ್ಜಿದ ಹುಡುಗಿ ನಮಗ ಬ್ಯಾಡ, ಎದಿ ಹಾಳಾಗಿರತೈತಿ" ಎಂದು ನಮ್ಮ ಓಣಿಯವರ ಕಿವಿಗೇ ಬೀಳುವಂತೆ ಹೇಳಿ ಹೋದರು. ಇನ್ನೊಂದು ಸಲ ಹೀಗಾದರೆ ಅವಳಿಗೆ ಗಂಡು ಸಿಗುವುದೇ ಇಲ್ಲ ಎಂದು ಅವ್ವ ಹೆದರಿದಳು. ಅಂದಿನಿಂದ ಮನೆಯಲ್ಲಿ ಅವ್ವನ ಕಟ್ಟಪ್ಪಣೆ: ಯಾರ ಮುಂದೂ ಕೆಮ್ಮಬಾರದು. ತಂಗಿ ಕೆಮ್ಮು ನುಂಗುವುದನ್ನು ಕಲಿತಳು. ಕಣ್ಣಲ್ಲಿ ನೀರು ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೊರಗಿನವರು ಬಂದಾಗ ನಾನು ಅವಳನ್ನು ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದೆ.

ಮಡಕಶಿರದ ಸಂಬಂಧ ತಂದವನು ನಮ್ಮ ಯೂನಿಟ್ಟಿನ ಟೈಲರ್. ಹುಡುಗ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್ ಮಾಡುತ್ತಾನೆ, ಕುಡಿಯುವುದಿಲ್ಲ, ಮಾತು ಕಡಿಮೆ, ತಂದೆ ಇಲ್ಲ ಎಂದು ಹೇಳಿದ್ದ. ಮಾತು ಕಡಿಮೆ ಎಂದದ್ದೇ ನನಗೆ ಸರಿಬರಲಿಲ್ಲ. ಮಾತಾಡದವರು ಏನನ್ನೋ ಒಳಗಿಟ್ಟುಕೊಂಡಿರುತ್ತಾರೆ ಎಂಬುದು ನನ್ನ ಲೆಕ್ಕ. ಯೂನಿಟ್ಟಿಗೆ ರಜೆಯಿದ್ದ ಒಂದು ದಿನ ಮೂವರು ಬಂದರು: ಹುಡುಗ, ಅವನ ತಾಯಿ, ಅವನ ಸೋದರಮಾವ. ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ ಮಾಡಿದ್ದೆವು. ಸೋದರಮಾವ ಎರಡು ಸಲ ಹಾಕಿಸಿಕೊಂಡು ತಿಂದ. ಹುಡುಗ ಮಿರ್ಚಿ ಮುಟ್ಟಲಿಲ್ಲ. ಖಾರಕ್ಕೆ ಹೆದರುವ ಗಂಡಸು ಮಡಕಶಿರದಲ್ಲೂ ಇದ್ದಾನೆಯೇ ಎಂದುಕೊಂಡೆ.

ತಂಗಿ ಟೀ ಕೊಟ್ಟು, ನಮಸ್ಕಾರ ಮಾಡಿ, ಅವ್ವನ ಪಕ್ಕ ಕೂತಳು. ಎಲ್ಲ ಸುಸೂತ್ರವಾಗಿ ಮುಗಿಯುವ ಹಂತದಲ್ಲಿತ್ತು. ಆಗ ಹುಡುಗ ಸೋದರಮಾವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಸೋದರಮಾವ ತಲೆಯಾಡಿಸಿ ನಮ್ಮ ಕಡೆ ತಿರುಗಿದ.

"ನಮ್ ಹುಡ್ಗ ನಿಮ್ ಕೋಟೆ ನೋಡ್ಬೇಕಂತೆ ಕಣಮ್ಮ. ನಮ್ ಮಡಕಶಿರದಾಗೂ ಬೆಟ್ಟ ಐತೆ, ಕೋಟೆ ಐತೆ. ನಿಮ್ದು ಎಂಗೈತೆ ನೋಡಾನ. ಎಲ್ರೂ ಹತ್ತಾನ. ಹುಡ್ಗಿಗೆ ದಮ್ಮು ಐತಾ?"

ಅವ್ವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಅಯ್ಯ ಇಲ್ರಿ! ದಮ್ಮೂ ಇಲ್ಲ ಗಿಮ್ಮೂ ಇಲ್ರಿ! ಯಾರ್ರಿ ನಿಮಗ ಹೇಳಿದ್ದು?" ಎಂದುಬಿಟ್ಟಳು.

ಸೋದರಮಾವ ಗಹಗಹಿಸಿ ನಕ್ಕ. "ದಮ್ಮೇ ಇಲ್ದಿದ್ರೆ ಬೆಟ್ಟ ಎಂಗಮ್ಮ ಹತ್ತಾದು?"

ಅವನು ಕೇಳಿದ್ದು ಹುಡುಗಿಗೆ ಶಕ್ತಿ ಇದೆಯಾ, ಧೈರ್ಯ ಇದೆಯಾ ಎಂದು. ತೆಲುಗಿನಲ್ಲಿ, ಅದರ ಗಾಳಿ ಬೀಸಿದ ನಮ್ಮ ಕನ್ನಡದಲ್ಲಿ, ದಮ್ಮಿದ್ದರೆ ಬಾ ಎಂದು ತೊಡೆ ತಟ್ಟುವಾಗ ಬರುವ ಮಾತು ಅದು. ಅವ್ವನಿಗೆ ಕೇಳಿಸಿದ್ದು ಉಬ್ಬಸದ ದಮ್ಮು. ಅವಳ ಮನಸ್ಸಿನಲ್ಲಿ ಹಗಲೆಲ್ಲ ಅದೇ ಒಂದು ದಮ್ಮು ಕೂತಿದ್ದರೆ ಬೇರೆ ಅರ್ಥ ಎಲ್ಲಿಂದ ಹೊಳೆಯಬೇಕು? ತಪ್ಪಾಯಿತು ಎಂದು ಗೊತ್ತಾಗಿ ಅವ್ವನೂ ಹುಳ್ಳಗೆ ನಕ್ಕಳು. ನಾನು ಮಾತ್ರ ಹುಡುಗನ ತಾಯಿಯನ್ನು ನೋಡುತ್ತಿದ್ದೆ. ಆಕೆ ನಗಲಿಲ್ಲ. ಆಕೆಯ ಮುಖ ಬಿಳಿಚಿಕೊಂಡಿತ್ತು. ಮಗನ ಕಡೆ ಒಮ್ಮೆ ನೋಡಿ, "ಬ್ಯಾಡ ಬಿಡಪ್ಪ, ಬಿಸ್ಲು ಏರ್ತೈತೆ" ಎಂದಳು. ಹುಡುಗ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದ.

ನನಗೆ ಎಲ್ಲ ಹಗಲಿನಷ್ಟು ಸ್ಪಷ್ಟವಾಯಿತು. ಕಣೇಕಲ್ಲಿನವರ ಮಾತು ಇವರ ಕಿವಿಗೂ ಬಿದ್ದಿದೆ. ಬಾಯಿಬಿಟ್ಟು ಕೇಳಿದರೆ ನಾವು ಸುಳ್ಳು ಹೇಳುತ್ತೇವೆ ಎಂದು, ಗುಡ್ಡ ಹತ್ತಿಸಿ ಹುಡುಗಿಯ ಉಸಿರು ಪರೀಕ್ಷೆ ಮಾಡಲು ಬಂದಿದ್ದಾರೆ. ತಾಯಿ ಬೇಡ ಬೇಡ ಎನ್ನುವುದು, ಮಗ ಎದ್ದು ನಿಲ್ಲುವುದು, ಎಲ್ಲ ಮನೆಯಿಂದಲೇ ಮಾತಾಡಿಕೊಂಡು ಬಂದ ಆಟ. ಹತ್ತುವುದಿಲ್ಲ ಎಂದರೆ ಒಪ್ಪಿಕೊಂಡಂತೆ, ಹತ್ತಿದರೆ ಸಿಕ್ಕಿಬಿದ್ದಂತೆ. ಹೆಣ್ಣನ್ನು ಹಾಡಲು ಹೇಳುವವರನ್ನು, ನಡೆಸಿ ನೋಡುವವರನ್ನು ಕಂಡಿದ್ದೆ, ಕೋಟೆ ಹತ್ತಿಸುವವರನ್ನು ಅಂದೇ ನೋಡಿದ್ದು. ಸಿಟ್ಟು ನೆತ್ತಿಗೇರಿತು.

ನೀರು ತರುವ ನೆಪದಲ್ಲಿ ತಂಗಿಯನ್ನು ಒಲೆಯ ಹತ್ತಿರ ಕರೆದೆ.

"ನೋಡು, ಒಂದೊಂದು ಬಾಗಿಲಿಗೂ ನಾ ನಿಂತು ಕೋಟೆ ಕತಿ ಹೇಳ್ತೀನಿ. ಅವರು ಕೇಳ್ತಾ ನಿಂದ್ರತಾರ. ನೀ ಅಷ್ಟರಾಗ ಉಸಿರು ತಗೊ. ಸರಿ ಆತು ಅಂದ್ರ ಸೆರಗು ಸರಿ ಮಾಡ್ಕೊ. ನೀ ಸೆರಗು ಮುಟ್ಟೋ ತನಕ ನಾ ಕತಿ ನಿಲ್ಸಂಗಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಕತಿ ಸಾಲ್ದಿದ್ರ?" ಎಂದಳು.

"ಕೋಟೆಗೇನು, ಎಷ್ಟು ಬೇಕಾದ್ರೂ ಅದಾವ" ಎಂದೆ.

ಅವ್ವನೂ ಹೊರಟಳು. ಆರು ಜನ ಓಣಿ ದಾಟಿ ಗುಡ್ಡದ ದಾರಿ ಹಿಡಿದೆವು. ಕೆಳಗಿನ ದಾರಿ ಸುಲಭ, ಬಂಡೆ ಕಡಿದು ಮಾಡಿದ ಅಗಲವಾದ ಮೆಟ್ಟಿಲು. ಸೋದರಮಾವ ಎರಡು ದೊಡ್ಡ ಬಾಟಲಿಗಳಲ್ಲಿ ನೀರು ಹಿಡಿದಿದ್ದ. ಇಷ್ಟು ನೀರು ಯಾಕೆ, ಇವರು ಇಡೀ ದಿನ ಹತ್ತಿಸುವ ಯೋಚನೆಯಲ್ಲಿದ್ದಾರೋ ಎಂದು ನನಗೆ ಅದರ ಮೇಲೂ ಅನುಮಾನ.

ಮೊದಲ ಬಾಗಿಲಲ್ಲಿ ನಿಂತೆ. ಕಲ್ಲಿನ ಕಂಬ ಎರಡು, ಮೇಲೆ ಅಡ್ಡ ತೊಲೆ, ಕದ ಯಾವಾಗಲೋ ಹೋಗಿದೆ. ತಂಗಿ ನನ್ನ ಹಿಂದೆ ಗೋಡೆಗೆ ಕೈ ಊರಿ ನಿಂತಳು. ಅಪ್ಪನಿಂದ ಕೇಳಿದ್ದು ನನಗೆ ಬಾಯಿಪಾಠವಾಗಿತ್ತು. ಮೊದಲು ಈ ಗುಡ್ಡ ಬೇಡರ ನಾಯಕರ ಕೈಯಲ್ಲಿತ್ತಂತೆ, ಅವರು ವಿಜಯನಗರದವರ ಮಾತಿಗೆ ಬಗ್ಗಲಿಲ್ಲವಂತೆ. ಅರಸರು ದಂಡು ಕಳಿಸಿ ಅವರನ್ನು ಕೆಳಗಿಳಿಸಿ, ಇಲ್ಲಿ ಕೋಟೆ ಬಿಗಿ ಮಾಡಿದರಂತೆ. ಹಾಗೆ ಇದು ರಾಯರ ದುರ್ಗ, ರಾಯದುರ್ಗ. ವಿಜಯನಗರ ಬಿದ್ದದ್ದೇ ತಡ, ಬೇಡರು ಮತ್ತೆ ಬಂದು ಹತ್ತಿ ಕೂತರಂತೆ.

"ಎಷ್ಟು ವರ್ಸ ಕೆಳಗಿದ್ರಂತೆ ತಾಯಿ ಅವ್ರು?" ಹುಡುಗನ ತಾಯಿ ಕೇಳಿದಳು.

"ಬಹಳ ವರ್ಷ ರೀ."

"ಅಲ್ಲೀಗಂಟ ಎಲ್ಲಿದ್ರು? ಹೆಂಡ್ರು ಮಕ್ಳು ಎಲ್ಲಿದ್ರು? ಏನುಣ್ತಿದ್ರು?"

ಬೇಡರು ಏನುಣ್ಣುತ್ತಿದ್ದರು ಎಂದು ಯಾರಿಗೆ ಗೊತ್ತು? ಜೋಳದ ರೊಟ್ಟಿ ಎಂದೆ. ಆಕೆ ರೊಟ್ಟಿಗೆ ಏನು ನಂಚಿಕೊಳ್ಳುತ್ತಿದ್ದರು ಎಂದು ಕೇಳುವವಳಂತೆ ಕಂಡಳು. ಹೆಣ್ಣು ನೋಡಲು ಬಂದವಳಿಗೆ ಬೇಡರ ಊಟದ ಚಿಂತೆ ಯಾಕೆ? ನನ್ನ ಉಪಾಯ ಆಕೆಗೆ ಗೊತ್ತಾಗಿದೆ, ಮೊದಲ ಬಾಗಿಲಲ್ಲೇ ನನ್ನ ಕತೆಯ ಚೀಲ ಖಾಲಿ ಮಾಡಿಸುತ್ತಿದ್ದಾಳೆ ಎಂದುಕೊಂಡೆ. ತಂಗಿ ಸೆರಗು ಸರಿ ಮಾಡಿಕೊಂಡಳು. ಹೊರಟೆವು.

ಎರಡನೆಯ ಬಾಗಿಲಿನಲ್ಲಿ ಪೆನುಕೊಂಡೆಯ ಕಡೆಯಿಂದ ಬಂದು ಕೋಟೆ ಹಿಡಿದ ನಾಯಕರ ಮಾತು, ಆಮೇಲೆ ಮೈಸೂರಿನ ದಂಡು ಬಂದದ್ದು, ಕೊನೆಗೆ ಬಿಳಿಯರು ಬಂದದ್ದು, ಎಲ್ಲ ಹೇಳಿದೆ. ಅಲ್ಲಿಗೆ ನನಗೆ ಗೊತ್ತಿದ್ದ ನಿಜ ಮುಗಿಯಿತು. ಸೋದರಮಾವ ನಡುನಡುವೆ, "ನಮ್ ಬೆಟ್ಟದಾಗೂ ಇಂಗೇ ಆಯ್ತು, ಇದಕ್ಕಿಂತ ಜೋರಾಗಿ ಆಯ್ತು" ಎಂದು ಮಡಕಶಿರದ ಕೋಟೆಯನ್ನು ಎತ್ತಿ ಹಿಡಿಯುತ್ತಿದ್ದ. ಮಡಕಶಿರಕ್ಕೆ ಬಂದ ದಂಡು ರಾಯದುರ್ಗಕ್ಕೆ ಬಂದ ದಂಡಿಗಿಂತ ದೊಡ್ಡದು ಎಂದು ಅವನ ವಾದ. ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ. ಅಂದು ಅವನು ವಾದ ಮಾಡಿದಷ್ಟೂ ತಂಗಿಗೆ ಉಸಿರು ಸಿಗುತ್ತಿತ್ತು. ಹೌದ್ರಿ ಹೌದ್ರಿ ಎನ್ನುತ್ತ ವಾದ ಬೆಳೆಸಿದೆ.

ಹುಡುಗ ಮಾತ್ರ ಒಂದು ಮಾತೂ ಆಡಲಿಲ್ಲ. ನಾವು ನಿಂತಲ್ಲೆಲ್ಲ ನಮಗೆ ಬೆನ್ನು ಮಾಡಿ, ಕೆಳಗೆ ಊರಿನ ಕಡೆ ನೋಡುತ್ತ ನಿಲ್ಲುತ್ತಿದ್ದ. ಕೆಳಗೆ ಮಾಳಿಗೆಗಳ ಮೇಲೆ ಸಾಲುಸಾಲು ಪ್ಯಾಂಟುಗಳು ಒಣಗುತ್ತಿದ್ದವು, ಪ್ಯಾಂಟು ತೊಳೆದ ನೀಲಿ ನೀರಿನ ಚರಂಡಿ ಬಿಸಿಲಿಗೆ ಹೊಳೆಯುತ್ತಿತ್ತು. ಕರವಸ್ತ್ರ ಬಾಯಿಗೆ ಹಿಡಿದಿದ್ದ. ನಮ್ಮ ಊರಿನ ವಾಸನೆ ಇವನಿಗೆ ಆಗುವುದಿಲ್ಲವೋ ಏನೋ ಎಂದು ನನಗೆ ಮೈ ಉರಿಯಿತು. ಕರವಸ್ತ್ರ ಹಿಡಿದ ಆ ಕೈಯ ಮೇಲೆ ನನ್ನ ಕಣ್ಣು ನಿಂತಿತು. ಉಗುರಿನ ಸಂದಿಯಲ್ಲಿ ನೀಲಿ.

ಪ್ಯಾಕಿಂಗಿಗೆ ಬರುವ ಪ್ಯಾಂಟು ತೊಳೆದು, ಒಣಗಿ, ಇಸ್ತ್ರಿಯಾಗಿ ಬಂದದ್ದು. ಅದನ್ನು ಮಡಚಿ ಕವರಿಗೆ ಹಾಕುವವನ ಉಗುರಿಗೆ ಇಷ್ಟು ನೀಲಿ ಹತ್ತುವುದಿಲ್ಲ. ಹಾಗಾದರೆ ಪ್ಯಾಕಿಂಗ್ ಎಂದದ್ದು ಸುಳ್ಳು. ಕೆಲಸ ಸುಳ್ಳಾದರೆ ಬೆಂಗಳೂರೂ ಸುಳ್ಳಿರಬಹುದು, ಅಲ್ಲಿ ಇನ್ನೊಬ್ಬಳು ಇರಬಹುದು. ಮೂರನೆಯ ಬಾಗಿಲು ಬರುವಷ್ಟರಲ್ಲಿ ಅವನಿಗೆ ನಾನು ಒಂದು ಸಂಸಾರ, ಎರಡು ಮಕ್ಕಳನ್ನು ಕಟ್ಟಿಕೊಟ್ಟಿದ್ದೆ. ಇಂಥವನು ನಮ್ಮ ಹುಡುಗಿಯ ಉಸಿರು ಅಳೆಯಲು ಬಂದಿದ್ದಾನಲ್ಲ ಎಂದು ಹಲ್ಲು ಕಡಿದೆ.

ಮೂರನೆಯ ಬಾಗಿಲಲ್ಲಿ ತಂಗಿಯ ಮುಖ ಕೆಂಪೇರಿತ್ತು. ಅವಳ ಕೈ ಸೆರಗಿನ ಹತ್ತಿರವೇ ಹೋಗುತ್ತಿಲ್ಲ. ನನ್ನ ಬಳಿ ಇತಿಹಾಸ ಉಳಿದಿಲ್ಲ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

"ಈ ಬಾಗಲಾಗ ಒಮ್ಮೆ ಆನೆ ಸಿಕ್ಕೊಂಡಿತ್ರಿ. ಹಿಂದಕ್ಕೂ ಬರಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ."

"ಇಂಥಾ ಮೆಟ್ಲು ಆನೆ ಎಂಗಮ್ಮ ಹತ್ತಾದು?" ಎಂದು ಸೋದರಮಾವ ಹಿಡಿದ.

"ಮರಿ ಆನೆ ರೀ."

"ಮರಿ ಆದ್ರೆ ಬಾಗ್ಲಾಗ್ಯಾಕೆ ಸಿಕ್ಕಂತು?"

"ಸಿಕ್ಕೊಂಡ್ಮ್ಯಾಲೆ ಬೆಳೀತ್ರಿ" ಎಂದೆ. ಅವ್ವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆದರೆ ಹುಡುಗನ ತಾಯಿ ಆ ಆನೆಯನ್ನು ಬಿಡಲಿಲ್ಲ. ಎಷ್ಟು ದಿನ ಸಿಕ್ಕಿಕೊಂಡಿತ್ತು, ಯಾರು ಮೇವು ಹಾಕಿದರು, ಕೊನೆಗೆ ಹೇಗೆ ಬಿಡಿಸಿದರು ಎಂದು ಕೂತುಕೊಂಡೇ ಕೇಳಿದಳು. ಇಲ್ಲದ ಆನೆಯನ್ನು ನಾವಿಬ್ಬರೂ ಸೇರಿ ಬೆಣ್ಣೆ ಸವರಿ ಹೊರಗೆಳೆದೆವು. ಆಕೆ ಒಂದು ಸಲವೂ ನಗಲಿಲ್ಲ. ನನ್ನ ಕಣ್ಣಿನ ಹಾಗೇ ಆಕೆಯ ಕಣ್ಣೂ ಕತೆಯ ಮೇಲಿರಲಿಲ್ಲ, ಪದೇ ಪದೇ ಬೇರೆ ಕಡೆ ಹೋಗುತ್ತಿತ್ತು. ತಂಗಿಯನ್ನು ಗಮನಿಸುತ್ತಿದ್ದಾಳೆ ಎಂದೇ ನಾನು ತಿಳಿದೆ. ಕೊನೆಗೆ ತಂಗಿ ಸೆರಗು ಮುಟ್ಟಿದಳು.

ಅಲ್ಲಿಂದ ಮುಂದೆ ಮೆಟ್ಟಿಲು ಕಡಿದಾಗಿತ್ತು. ಹಳೆಯ ಗುಡಿಯ ಗೋಪುರ ತಲೆಯ ಮೇಲೇ ಇದೆಯೇನೋ ಎನ್ನುವಷ್ಟು ಹತ್ತಿರ ಕಾಣುತ್ತದೆ, ಹತ್ತಿದಷ್ಟೂ ದೂರವಾಗುತ್ತದೆ. ಸೋದರಮಾವ, ಅವ್ವ ಮುಂದೆ. ಅವರ ಹಿಂದೆ ನಾನು ಮತ್ತು ಹುಡುಗನ ತಾಯಿ. ತಂಗಿ, ಹುಡುಗ ಇಬ್ಬರೂ ನಮ್ಮ ಹಿಂದೆ ಉಳಿದಿದ್ದರು. ತಿರುಗಿ ನೋಡಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು.

ನನ್ನ ಜೀವ ಹೋಯಿತು. ಅವಳದೇ ಎಂದು ತಿಳಿದು, ಆ ಸದ್ದು ಮುಚ್ಚಲು ನಾನೇ ಗಟ್ಟಿಯಾಗಿ ಕೆಮ್ಮತೊಡಗಿದೆ. "ದೂಳು ರೀ, ದೂಳು" ಎನ್ನುತ್ತ ಇನ್ನಷ್ಟು ಕೆಮ್ಮಿದೆ. ಪಕ್ಕದಲ್ಲಿ ನೋಡಿದರೆ ಹುಡುಗನ ತಾಯಿಯೂ ಸೆರಗು ಬಾಯಿಗೆ ಹಿಡಿದು ನನಗಿಂತ ಜೋರಾಗಿ ಕೆಮ್ಮುತ್ತಿದ್ದಾಳೆ. "ದೂಳು ಕಣಮ್ಮ, ಏನ್ ದೂಳಪ್ಪ" ಎನ್ನುತ್ತಿದ್ದಾಳೆ. ಆ ಬೋಳು ಬಂಡೆಯ ಮೇಲೆ ಒಂದು ಹಿಡಿ ಮಣ್ಣೂ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಸುಳ್ಳು ಕೆಮ್ಮು ಕೆಮ್ಮಿದೆವು. ನಾನು ನಿಲ್ಲಿಸಿದೆ. ಆಕೆಯೂ ನಿಲ್ಲಿಸಿದಳು. ಹಿಂದಿನ ಕೆಮ್ಮು ನಿಲ್ಲಲಿಲ್ಲ.

ತಿರುಗಿ ನೋಡಿದೆ. ತಂಗಿ ನಿಂತಿದ್ದಳು. ಹುಡುಗ ಮೆಟ್ಟಿಲ ಮೇಲೆ ಕುಸಿದು ಕೂತು, ಮೊಣಕಾಲುಗಳ ನಡುವೆ ತಲೆ ಹಾಕಿ, ಬೆನ್ನು ಕುಣಿಯುವಂತೆ ಕೆಮ್ಮುತ್ತಿದ್ದ. ನಡುನಡುವೆ ಉಸಿರೆಳೆದರೆ ಸಿಳ್ಳೆಯಂಥ ಸದ್ದು. ಆ ಸಿಳ್ಳೆ ನನಗೆ ಚೆನ್ನಾಗಿ ಗೊತ್ತಿತ್ತು.

ಅವನ ತಾಯಿ ಓಡಿ ಹೋಗಿ ಬೆನ್ನು ಉಜ್ಜಿದಳು. ಸೋದರಮಾವ ಬಾಟಲಿ ಹಿಡಿದು ಮೇಲಿನಿಂದ ಇಳಿದು ಬಂದ.

ಆಗ ನನಗೆ ಮರುಕ ಬಂತು ಎಂದು ಬರೆಯಬಹುದು, ಆದರೆ ಬರಲಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು. ತಪ್ಪು ಅವರದು ಸಿಕ್ಕಿತು, ನಮ್ಮದು ಮುಚ್ಚಿಯೇ ಉಳಿಯಿತು. ಇನ್ನು ನಾವೇ ಬೇಡ ಎನ್ನಬಹುದು, ತಲೆ ಎತ್ತಿ ಬೇಡ ಎನ್ನಬಹುದು. ನಾಲ್ಕು ಮೆಟ್ಟಿಲು ಇಳಿದು, ನನ್ನ ಮೇಜಿನ ಮುಂದೆ ಟೈಲರನ್ನು ನಿಲ್ಲಿಸಿಕೊಂಡು ಕೇಳುವ ದನಿಯಲ್ಲೇ ಕೇಳಿದೆ:

"ಹುಡುಗಗ ಇದು ಎಷ್ಟು ದಿನದಿಂದ ಐತ್ರಿ?"

"ಬಿಸ್ಲು ಕಣಮ್ಮ" ಎಂದಳು ಅವನ ತಾಯಿ.

"ಬಿಸಿಲಿಗೆ ಉಗುರು ನೀಲಿ ಆಗಂಗಿಲ್ರಿ."

ಆಕೆ ತಲೆ ತಗ್ಗಿಸಿದಳು. ಹುಡುಗ ನೀರು ಕುಡಿದು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ನಮ್ಮೆಲ್ಲರ ಮುಂದೆ ಮೊದಲ ಬಾರಿಗೆ ಬಾಯಿ ತೆರೆದ.

"ಪ್ಯಾಕಿಂಗ್ ಅಲ್ಲ ಅಕ್ಕ. ಬಳ್ಳಾರಿಯಾಗೆ ಉಜ್ಜೋ ಕೆಲ್ಸ. ಅಮ್ಮ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ಳು, ಅದ್ಕೆ ಬಾಯ್ಬಿಟ್ಟು ಹೇಳಲಿಲ್ಲ. ಬೆಟ್ಟ ಹತ್ತಿದ್ರೆ ನಿಮ್ಗೇ ಕಾಣ್ತೈತೆ ಅಂತ ನಾನೇ ಮಾವಂಗೆ ಹೇಳ್ದೆ. ಮದ್ವೆ ಆದ್ಮ್ಯಾಲೆ ಗೊತ್ತಾಗಾದು ಬ್ಯಾಡ ಅಂತ."

ಸೋದರಮಾವನಿಗೂ ಇದು ಹೊಸ ಮಾತು. ಅವನು ಬಾಟಲಿ ಹಿಡಿದುಕೊಂಡೇ ಅಕ್ಕನ ಮುಖ ನೋಡಿದ.

ಅಷ್ಟು ಹೊತ್ತಿಗೆ ಅವ್ವ ಬಂದು ನನ್ನ ಮೊಣಕೈ ಚಿವುಟಿದಳು. ಸುಮ್ಮನಿರು, ಗೌರವವಾಗಿ ಕಳಿಸೋಣ, ನಮ್ಮದು ಹೊರಗೆ ಬರುವುದು ಬೇಡ ಎಂದು ಆ ಚಿವುಟಿನ ಅರ್ಥ. ನಾನೂ ಅದನ್ನೇ ಯೋಚಿಸುತ್ತಿದ್ದೆ. ತಂಗಿ ಮಾತ್ರ ಅವನು ಕೂತ ಮೆಟ್ಟಿಲಿನ ಇನ್ನೊಂದು ಕೊನೆಯಲ್ಲಿ ಹೋಗಿ ಕೂತಳು.

"ಎಷ್ಟು ವರ್ಷ ಉಜ್ಜಿದ್ರಿ?" ಎಂದು ಕೇಳಿದಳು.

"ನಾಲ್ಕು."

"ನಾನು ಮೂರು."

ಹೇಳಿ, ಮೂರು ಬಾಗಿಲಿನಿಂದ ನುಂಗಿಕೊಂಡು ಬಂದಿದ್ದ ಕೆಮ್ಮನ್ನು ಕೆಮ್ಮಿಬಿಟ್ಟಳು. ಅವ್ವ "ಅಯ್ಯೋ" ಎಂದು ಬಂಡೆಯ ಮೇಲೆ ಕೂತಳು. ಹುಡುಗ ತನ್ನ ಕೈಯಲ್ಲಿದ್ದ ಬಾಟಲಿಯನ್ನು ಅವಳ ಕಡೆ ಸರಿಸಿದ. ಅವಳು ಕುಡಿದು ಮುಗಿಸುವ ತನಕ ಕಾದು ಕೇಳಿದ, "ಮಲಗಿದ್ರೆ ಜಾಸ್ತಿ ಆಗ್ತೈತಾ?"

"ಹೂಂ ರೀ. ಮಲಗಾಕ ಆಗಂಗಿಲ್ಲ. ಗ್ವಾಡಿಗೆ ಒರಗಿ ಕುಂತ್ಕೊಂಡ ನಿದ್ದಿ ಮಾಡ್ತೀನಿ."

"ಎಷ್ಟು ದಿನದಿಂದ?"

"ವರ್ಷ ಆತ್ರಿ."

ನಾವು ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅವಳ ಚಾಪೆ ನನ್ನ ಚಾಪೆಗೆ ತಾಗಿಕೊಂಡೇ ಇರುತ್ತಿತ್ತು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಎದ್ದು ಕೂತಿರುತ್ತಿದ್ದಳು. ಬೇಗ ಏಳುವ ಹುಡುಗಿ ಎಂದು ಬಂದವರ ಮುಂದೆಲ್ಲ ಹೊಗಳಿಕೊಂಡಿದ್ದೆ. ಅರ್ಧ ಅಂಗುಲ ಹೊಲಿಗೆ ಬಿಟ್ಟದ್ದು ಮಾರುದೂರದಿಂದ ಕಾಣುವ ನನ್ನ ಕಣ್ಣಿಗೆ ಇದು ಒಂದು ವರ್ಷ ಕಂಡಿರಲಿಲ್ಲ. ನಾನು ನೋಡುತ್ತಿದ್ದದ್ದು ಅವಳ ಕೆಮ್ಮು ಬೇರೆಯವರಿಗೆ ಕೇಳಿಸುತ್ತದೆಯೋ ಎಂದಷ್ಟೇ.

ಗುಡಿಯವರೆಗೆ ಹೋಗಲಿಲ್ಲ. ಇಳಿಯುವಾಗ ಅವರಿಬ್ಬರೂ ಹಿಂದೆ, ನಿಂತು ನಿಂತು ಬಂದರು. ನಾವು ನಾಲ್ವರೂ ಮುಂದೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ತಾಯಿ, "ಒಂದ್ ಮನೆಗೆ ಇಬ್ರು ಇಂಗಾದ್ರೆ ಎಂಗೆ ತಾಯಿ? ಯಾರನ್ನ ಯಾರು ನೋಡ್ಕಳಾದು?" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ನಾನು ಹೌದ್ರಿ ಎಂದೆ. ಇಡೀ ದಿನದಲ್ಲಿ ಆಕೆಯೂ ನಾನೂ ಅನುಮಾನವಿಲ್ಲದೆ ಒಪ್ಪಿದ್ದು ಅದೊಂದೇ ಮಾತನ್ನು. ಅವ್ವ ಎಲ್ಲರಿಗೂ ಕೇಳುವಂತೆ, "ನೋಡೋಣ್ರಿ, ಹೇಳಿ ಕಳಿಸ್ತೀವಿ" ಎಂದಳು. ನಮ್ಮ ಕಡೆ ಹಾಗೆಂದರೆ ಬೇಡ ಎಂದೇ ಅರ್ಥ.

"ಹೇಳಿ ಕಳ್ಸಾದೇನೈತಿ ಅವ್ವ?" ಎಂದಳು ತಂಗಿ. "ನಾ ಒಪ್ಪೀನಿ. ಅವರನ್ನ ಕೇಳು."

ಹುಡುಗ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಅಲ್ಲಿಂದಲೇ ತಲೆಯಾಡಿಸಿದ. ಎರಡೂ ಮನೆಗಳಲ್ಲಿ ಬಹಳ ದಿನ ರಂಪವಾಗಿ, ಮುಂದಿನ ಬೇಸಿಗೆಯಲ್ಲಿ ಮದುವೆ ಆಯಿತು. ಇಬ್ಬರೂ ಮತ್ತೆ ಉಜ್ಜುವ ಕೆಲಸಕ್ಕೆ ಹೋಗಲಿಲ್ಲ. ಮಡಕಶಿರದಲ್ಲಿ ಬ್ಲೌಸು, ಲಂಗ ಹೊಲಿಯುವ ಸಣ್ಣ ಅಂಗಡಿ ಇಟ್ಟರು.

ಆದರೆ ಅಂದು ಬಸ್ಸು ಹೋದ ಮೇಲೆ ಮನೆಗೆ ಬಂದವರೇ ಅವಳ ಮೇಲೆ ಬಿದ್ದೆವು. ಅವ್ವ ತಲೆ ಚಚ್ಚಿಕೊಂಡು ಅತ್ತಳು. ನಾನು ಬಾಯಿಗೆ ಬಂದಂತೆ ಬೈದೆ. ರೋಗದವನನ್ನು ಕಟ್ಟಿಕೊಂಡು ಏನು ಸುಖಪಡುತ್ತೀ, ಅವನಲ್ಲಿ ಏನು ಕಂಡೆ ಎಂದು ಕೂಗಾಡಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ನಾವು ಸುಸ್ತಾಗುವ ತನಕ ಕಾದು, ಮೆಲ್ಲಗೆ ಹೇಳಿದಳು:

"ನನ್ನ ಕೆಮ್ಮು ಯಾರಿಗೂ ಕೇಳಬಾರದು ಅಂತ ನೀವಿಬ್ರೂ ಇಷ್ಟು ದಿನ ಕಾದ್ರಿ ಅಕ್ಕ. ಹೆಂಗ ಆಗತೈತಿ ಅಂತ ಕೇಳಿದಾತ ಅವನೊಬ್ಬನ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಹೋಗಿ ತಂಗಿಯ ಪಕ್ಕದಲ್ಲಿ ಕೂತೆ. ಅವಳ ಉಸಿರು ಇಷ್ಟು ಹತ್ತಿರದಲ್ಲಿ ಕೇಳಿಸುತ್ತಿತ್ತು. ಹೆಂಗೈತಿ ಈಗ ಎಂದು ಕೇಳಬೇಕು ಎನಿಸಿತು, ಮಾತು ತುಟಿಯವರೆಗೂ ಬಂತು. ಈಗ ಕೇಳಿದರೆ, ಅಕ್ಕ ನನ್ನ ಮನಸ್ಸು ತಿರುಗಿಸಲು ಬಂದಿದ್ದಾಳೆ ಎಂದು ಅವಳಿಗೆ ನನ್ನ ಮೇಲೆ ಅನುಮಾನ ಬರುತ್ತದೆ ಎಂದು ಕೇಳಲಿಲ್ಲ.